ಗೇನ್ ಇಳಿಸಿದ ಮೇಲೆ ಸಿಕ್ಕಿದ ಭಾರ

ಟೋಕಿಯೋದ ಎನ್ವಿ ಬ್ಯಾಂಡಿನ ಥರದ ಸೌಂಡ್ ಮನೆಯಲ್ಲಿ ತೆಗೆಯೋದು ಆಗದ ಮಾತು, ಅದೂ ಕನ್ನಡದಲ್ಲಿ ಅಂತೂ ಇಲ್ಲವೇ ಇಲ್ಲ ಅಂತ ನಮ್ಮ ಬೆಂಗಳೂರಿನ ಬಳಗದಲ್ಲಿ ಬಹಳ ಜನ ಹೇಳಿದ್ದರು. ಈಗ ನಮ್ಮ ಬ್ಯಾಂಡಿನ ನಾಲ್ಕು ಹಾಡು ಮುಗಿದಿವೆ. ಹಾಗೆ ಹೇಳಿದವರೇ ಫೋನ್ ಮಾಡಿ ಸೆಟಪ್ ಏನು ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಎನ್ವಿ 1992ರಲ್ಲಿ ಸೀದಾ ಹಾರ್ಡ್‌ಕೋರ್ (ವೇಗದ, ಸಿಟ್ಟಿನ ಪಂಕ್ ರಾಕ್) ಬ್ಯಾಂಡಾಗಿ ಶುರುವಾಯಿತು. 2003ರ 'ಎ ಡೆಡ್ ಸಿಂಕಿಂಗ್ ಸ್ಟೋರಿ' ಆಲ್ಬಂ ಹೊತ್ತಿಗೆ ಉದ್ದುದ್ದ ಹಾಡುಗಳು ಬಂದವು. ಮೆಲ್ಲಗಿನ ಗಿಟಾರ್, ಪಕ್ಕದಲ್ಲಿ ಕೂತು ಮಾತಾಡಿದಂಥ ದನಿ, ಆಮೇಲೆ ಒಮ್ಮೆಲೇ ಕಟ್ಟೆ ಒಡೆದ ಹಾಗೆ ಎಲ್ಲವೂ. ಈ ಭಾರ ಗಿಟಾರಿನದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. 2016ರಲ್ಲಿ ಗಾಯಕ ಟೆಟ್ಸುಯಾ ಫುಕಗಾವಾ ಬಿಟ್ಟು ಹೋದಾಗ ಗಿಟಾರ್‌ಗಳು ಅಲ್ಲೇ ಇದ್ದವು, ಆದರೂ ಬ್ಯಾಂಡಿನ ಎದೆಯೇ ಖಾಲಿಯಾದಂತೆ ನನಗೆ ಅನಿಸಿತ್ತು. 2018ರಲ್ಲಿ ಅವರು ವಾಪಸ್ ಬಂದರು. 2020ರ 'ದಿ ಫಾಲನ್ ಕ್ರಿಮ್ಸನ್' ಕೇಳಿದಾಗಲೇ ನನ್ನ ದಾರಿ ಗಟ್ಟಿಯಾಯಿತು: ಮೊದಲು ದನಿ, ಉಳಿದಿದ್ದೆಲ್ಲ ಆಮೇಲೆ.

ಮೊದಲ ಸಲ ಒಂದು ಸ್ಟುಡಿಯೋಗೆ ಹೋಗಿ ಇಪ್ಪತ್ತೈದು ಸಾವಿರದ ಹತ್ತಿರ ಕೊಟ್ಟೆವು. ಡ್ರಮ್ಸಿನ ಪ್ರತಿ ಬಡಿತವನ್ನೂ ಕಂಪ್ಯೂಟರಿನ ತಾಳದ ಗ್ರಿಡ್ಡಿಗೆ ಎಳೆದು ಕೂರಿಸಿದರು, ಸ್ನೇರ್ ಡ್ರಮ್ಮಿನ ಮೇಲೆ ರೆಡಿಮೇಡ್ ಸ್ಯಾಂಪಲ್ ಹಾಕಿದರು, ಮಾಸ್ಟರ್, ಅಂದರೆ ಹಾಡಿನ ಕೊನೆಯ ರೂಪವನ್ನು ಮೈನಸ್ ಏಳೋ ಎಂಟೋ ಲಫ್ಸ್‌ಗೆ (ಹಾಡು ಎಷ್ಟು ಜೋರು ಅನ್ನುವ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಒತ್ತಿದರು. ಮೆಲ್ಲಗಿನ ಭಾಗವೂ ಜೋರು, ಜೋರಿನ ಭಾಗವೂ ಅಷ್ಟೇ ಜೋರು. ಹಾಗಿದ್ದ ಮೇಲೆ ಕಟ್ಟೆ ಒಡೆಯೋದೆಲ್ಲಿ? ಸ್ಪಾಟಿಫೈ ಹೇಗಿದ್ದರೂ ಮೈನಸ್ ಹದಿನಾಲ್ಕರ ಹತ್ತಿರಕ್ಕೆ ಇಳಿಸುತ್ತದೆ, ಆಗ ಒತ್ತಿದ ಹಾಡು ಚಪ್ಪಟೆಯಾಗಿ ಕೂರುತ್ತದೆ ಅಷ್ಟೇ. ಆ ಮಿಕ್ಸ್ ಅನ್ನು ಪೂರ್ತಿ ಬಿಟ್ಟೆ. ದುಡ್ಡು ಹೋಯಿತು.

ಎರಡನೇ ಸಲ ಗಂಟೆಗೆ ಆರುನೂರರ ಜ್ಯಾಮ್ ರೂಮಿನಲ್ಲಿ (ಬ್ಯಾಂಡುಗಳು ಪ್ರಾಕ್ಟೀಸ್ ಮಾಡುವ ಕೋಣೆ) ಕ್ಲಿಕ್, ಅಂದರೆ ಕಿವಿಯಲ್ಲಿ ತಾಳ ಹೇಳುವ ಟಕ್ ಟಕ್ ಸದ್ದು, ಇಲ್ಲದೆ ಡ್ರಮ್ಸ್ ರೆಕಾರ್ಡ್ ಮಾಡಿದೆವು. "ಕ್ಲಿಕ್ ಇಲ್ದಿದ್ರೆ ಆಮೇಲೆ ಎಡಿಟ್ ಮಾಡೋಕಾಗಲ್ಲ ಮಗಾ" ಅಂದ ನಮ್ಮ ಡ್ರಮ್ಮರ್. ಎಡಿಟ್ ಮಾಡೋದೇ ಬೇಡ ಅಂದೆ. ಜೋರಿನ ಭಾಗಕ್ಕೆ ಬರುವಾಗ ಅವನು ತಾನಾಗಿಯೇ ಮೂರ್ನಾಲ್ಕು ಬಿಪಿಎಂ (ನಿಮಿಷಕ್ಕೆ ಬೀಳುವ ಬಡಿತ) ಏರುತ್ತಾನೆ. ಆ ಏರಿಕೆಯಲ್ಲೇ ಜೀವ ಇದೆ.

ಗಿಟಾರಿನಲ್ಲಿ ಡಿಸ್ಟಾರ್ಷನ್ ನಾಬನ್ನು ಗಡಿಯಾರದ ಹತ್ತು ಗಂಟೆಯ ಜಾಗ ದಾಟಿಸಲಿಲ್ಲ. ಕಡಿಮೆ ಗೇನ್‌ನಲ್ಲಿ (ಗೇನ್ ಅಂದರೆ ಗಿಟಾರ್ ಸದ್ದು ಎಷ್ಟು ಒರಟಾಗಿ ಒಡೆಯಬೇಕು ಅನ್ನೋದು) ನಾಲ್ಕು ಲೇಯರ್, ಒಂದೇ ಕಾರ್ಡ್ ಅನ್ನು ನೆಕ್‌ನ ಬೇರೆ ಬೇರೆ ಜಾಗದಲ್ಲಿ. ಪಿಕ್ ತಂತಿಗೆ ತಾಗುವ ಸದ್ದು ಉಳಿಯುತ್ತದೆ, ಗೋಡೆಯಷ್ಟು ದೊಡ್ಡದಾಗಿ ಕೇಳಿಸುತ್ತದೆ. ಐದನೇ ಗಿಟಾರ್ ಒಂದಿದೆ. ಅದರ ಟ್ಯೂನಿಂಗ್ ಮಾತ್ರ ಇಲ್ಲಿ ಬರೆಯಲ್ಲ.

ನಡುವೆ ರಿವರ್ಬ್‌ಗೆ (ಗೋಡೆಗೆ ತಾಗಿ ಉಳಿಯುವ ಗುಂಗಿಗೆ) ಅಂತ ಮನೆಯ ಸಂಪ್ ತೊಳೆಯಲು ಖಾಲಿ ಮಾಡಿದ್ದಾಗ ಸ್ಪೀಕರ್ ಮತ್ತು ಒಂದು ಎಸ್ಎಂ57 ಮೈಕನ್ನು ಹಗ್ಗ ಕಟ್ಟಿ ಒಳಗೆ ಇಳಿಸಿದೆ. ಮೇಲೆ ಅಮ್ಮ "ಟ್ಯಾಂಕರ್ ಬರೋ ಹೊತ್ತಾಯ್ತು ಕಣೋ, ಬೇಗ ತೆಗಿ" ಅಂತ ಕರೆಯುತ್ತಿದ್ದರು. ನಾಲ್ಕು ಸೆಕೆಂಡಿನಷ್ಟು ಬಾಲ ಸಿಕ್ಕಿತು, ಆದರೆ ಕೆಳಗಿನ ನೋಟ್‌ಗಳು ಗುಂಯ್ ಅಂತ ಒಂದಕ್ಕೊಂದು ಅಂಟಿಕೊಂಡವು. ಇನ್ನೂರೈವತ್ತು ಹರ್ಟ್ಸ್ ಕೆಳಗೆ ಪೂರ್ತಿ ಕತ್ತರಿಸಿದ ಮೇಲೆ ಮೂರನೇ ಹಾಡಿನ ಕೊನೆಗೆ ಚೆನ್ನಾಗಿ ಕೂತಿತು. ಕಂಪ್ಯೂಟರಿನ ಯಾವ ಎಫೆಕ್ಟ್ ಪ್ಲಗಿನ್ನೂ ಅದನ್ನು ಕೊಡಲ್ಲ.

ಇನ್ನು ದನಿ. ಜಪಾನಿ ಮಾತುಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ನಮ್ಮವೂ ಹಾಗೇ ಅಲ್ವಾ? ಇಂಗ್ಲಿಷಿನಲ್ಲಿ ಕಿರುಚಿದಾಗ ಸಾಲಿನ ಕೊನೆಯಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿತ್ತು, ದನಿ ಕತ್ತರಿಸಿ ಹೋಗುತ್ತಿತ್ತು. "ಬಿಡಲಾರೆ" ಅಂತ ಕಿರುಚಿದರೆ ಆ ಕೊನೆಯ "ಎ" ಉಸಿರು ಇರುವವರೆಗೂ ಎಳೆಯುತ್ತದೆ. ಮೈಕನ್ನು ಕೈಯಲ್ಲೇ ಹಿಡಿದೆ. ಮೊದಲು ಸುಮ್ನೆ ಮಾತಾಡಿದೆ, ಅದೇ ಟೇಕಿನಲ್ಲಿ ಮುಂದುವರಿದು ಕಿರುಚಿದೆ. ಎರಡನ್ನೂ ಬೇರೆ ಬೇರೆ ತೆಗೆದು ಜೋಡಿಸಿದ್ದು ಒಂದು ಸಲವೂ ಕೂಡಿ ಬರಲಿಲ್ಲ, ಉಸಿರು ಸುಳ್ಳಾಗಿ ಕೇಳುತ್ತದೆ.

ಮಾಸ್ಟರ್ ಮೈನಸ್ ಹನ್ನೆರಡರ ಆಸುಪಾಸು ಬಿಟ್ಟೆ. ಮೆಲು ಭಾಗಕ್ಕೂ ಜೋರು ಭಾಗಕ್ಕೂ ಹತ್ತು ಡಿಬಿ ಅಂತರ ಇರಬಹುದು. ಹೊಡೆತ ಬೀಳುವ ಮುಂಚಿನ ಒಂದು ಬಾರ್‌ನಲ್ಲಿ (ತಾಳದ ಒಂದು ಸುತ್ತಿನಲ್ಲಿ) ಏನು ಮಾಡಿದೆ ಅನ್ನೋದು ಮುಂದಿನ ಇಪಿ (ಕೆಲವೇ ಹಾಡುಗಳ ಪುಟ್ಟ ಆಲ್ಬಂ) ಬರುವವರೆಗೆ ನನ್ನ ಹತ್ತಿರವೇ ಇರಲಿ. ಎರಡನೇ ಸಲದ ಒಟ್ಟು ಖರ್ಚು ಹನ್ನೊಂದು ಸಾವಿರದ ಒಳಗೆ, ಅದರಲ್ಲಿ ಜಾಸ್ತಿ ಹೋಗಿದ್ದು ಜ್ಯಾಮ್ ರೂಮಿಗೇ.