ಆಫೀಸಿಗೊಂದು ಆಕ್ಟಿವ್ ಡೈರೆಕ್ಟರಿ: ಮೊದಲು ಕಾಗದ, ಆಮೇಲೆ ಸರ್ವರ್

ಕೆಲಸಕ್ಕೆ ಸೇರಿದ ದಿನ ನಿಮಗೆ ಒಂದು ಯೂಸರ್‌ನೇಮ್, ಒಂದು ಪಾಸ್‌ವರ್ಡ್ ಕೊಡುತ್ತಾರೆ. ಅದರಲ್ಲೇ ಕಂಪ್ಯೂಟರ್ ತೆರೆಯುತ್ತದೆ, ಪ್ರಿಂಟರ್ ಸಿಗುತ್ತದೆ, ಅಕೌಂಟ್ಸ್‌ನವರ ಫೋಲ್ಡರ್ ಮಾತ್ರ ತೆರೆಯುವುದಿಲ್ಲ. ಯಾರಿಗೆ ಏನು ಸಿಗಬೇಕು, ಏನು ಸಿಗಬಾರದು ಎಂದು ಬರೆದಿಟ್ಟ ಆ ಲೆಕ್ಕದ ಪುಸ್ತಕವೇ ಡೈರೆಕ್ಟರಿ. ವಿಂಡೋಸ್ ಬಳಸುವ ಕಂಪನಿಗಳಲ್ಲಿ ಸಾಮಾನ್ಯವಾಗಿ ಇರುವುದು ವಿಂಡೋಸ್ 2000 ಸರ್ವರ್ ಜೊತೆ ಬಂದ ಆಕ್ಟಿವ್ ಡೈರೆಕ್ಟರಿ. ಇನ್‌ಸ್ಟಾಲ್ ಮಾಡುವುದು ಒಂದು ಬೆಳಗಿನ ಕೆಲಸ. ಕೆಟ್ಟ ಪ್ಲಾನಿನ ಜೊತೆ ಏಗುವುದು ವರ್ಷಗಟ್ಟಲೆ.

ಲೆಕ್ಕಕ್ಕೆ ಒಂದು ಕಂಪನಿ ಇಟ್ಟುಕೊಳ್ಳೋಣ. ಬೆಂಗಳೂರಿನ ಹೆಡ್ ಆಫೀಸಿನಲ್ಲಿ 400 ಜನ, ಹುಬ್ಬಳ್ಳಿ ಫ್ಯಾಕ್ಟರಿಯಲ್ಲಿ 150, ಮಂಗಳೂರಿನಲ್ಲಿ 12.

ಮೊದಲ ಪ್ರಶ್ನೆ, ಎಷ್ಟು ಡೊಮೈನ್? (ಡೊಮೈನ್ ಅಂದರೆ ಒಂದೇ ಡೈರೆಕ್ಟರಿಯ ಕೆಳಗೆ ಬರುವ ಯೂಸರ್, ಕಂಪ್ಯೂಟರ್‌ಗಳ ಗುಂಪು.) ಒಂದೇ ಸಾಕು. ಒಂದು ಫಾರೆಸ್ಟ್, ಅಂದರೆ ಡೊಮೈನ್‌ಗಳನ್ನು ಸುತ್ತುವರಿದ ಹೊರ ಆವರಣ, ಅದರೊಳಗೆ ಒಂದು ಡೊಮೈನ್. ‘ಫ್ಯಾಕ್ಟರಿಯವರ ಪಾಸ್‌ವರ್ಡ್ ನಿಯಮ ಬೇರೆ, ಅವರಿಗೆ ಬೇರೆ ಡೊಮೈನ್ ಕೊಡಿ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹಳೇ ಕಾಲದಲ್ಲಿ ಆ ಮಾತು ಸರಿಯಿತ್ತು. ವಿಂಡೋಸ್ ಸರ್ವರ್ 2008 ಬಂದ ಮೇಲೆ ಒಂದೇ ಡೊಮೈನ್‌ನಲ್ಲಿ ಗುಂಪಿಗೊಂದು ಪಾಸ್‌ವರ್ಡ್ ನಿಯಮ ಇಡಬಹುದು.

ಡೊಮೈನ್‌ನ ಹೆಸರಿಗೆ ಆತುರ ಬೇಡ. ಇಟ್ಟ ಹೆಸರನ್ನು ಆಮೇಲೆ ಬದಲಾಯಿಸುವುದು ದೊಡ್ಡ ಪಡಿಪಾಟಲು. ‘ಡಾಟ್ ಲೋಕಲ್’ ಅಂತ ಮುಗಿಯುವ ಹೆಸರು ಬೇಡ, ಆಪಲ್ ಯಂತ್ರಗಳು ಅದನ್ನು ಬೇರೆ ಕೆಲಸಕ್ಕೆ ಬಳಸುತ್ತವೆ. ವೆಬ್‌ಸೈಟಿನ ಹೆಸರನ್ನೇ ಇಟ್ಟರೆ ಆಫೀಸಿನ ಒಳಗಿಂದ ನಿಮ್ಮ ಸೈಟೇ ನಿಮಗೆ ತೆರೆಯದೆ ಕಾಡಬಹುದು. ನಿಮ್ಮ ಹೆಸರಲ್ಲಿ ನೋಂದಾಯಿಸಿರುವ ಇಂಟರ್ನೆಟ್ ಡೊಮೈನ್ ಹೆಸರಿನ ಮುಂದೆ ‘ಕಾರ್ಪ್’ ಅಥವಾ ‘ಎಡಿ’ ಸೇರಿಸಿ, ಮುಗಿಯಿತು.

ಈಗ ಓಯು, ಅಂದರೆ ಆರ್ಗನೈಸೇಷನಲ್ ಯುನಿಟ್: ಡೊಮೈನ್‌ನೊಳಗೆ ಯೂಸರ್, ಕಂಪ್ಯೂಟರ್‌ಗಳನ್ನು ಜೋಡಿಸಿಡುವ ಖಾನೆ. ಜಾಸ್ತಿ ಜನ ಎಡವುವುದು ಇಲ್ಲೇ, ನಾನೂ ಎಡವಿದ್ದೇನೆ. ಮೊದಲ ಸಲ ಎಚ್‌ಆರ್ ಕೊಟ್ಟ ಚಾರ್ಟ್ ನೋಡಿಕೊಂಡು ವಿಭಾಗ, ಉಪವಿಭಾಗ, ಟೀಮ್ ಅಂತ ಐದು ಅಂತಸ್ತು ಕಟ್ಟಿದ್ದೆ. ನೋಡಲು ಚೆನ್ನಾಗಿತ್ತು. ಆರು ತಿಂಗಳಿಗೆ ಕಂಪನಿ ಎರಡು ವಿಭಾಗಗಳನ್ನು ಸೇರಿಸಿತು. ನಾನು ಜನರನ್ನು ಹೊಸ ಓಯುಗೆ ಸರಿಸಿದೆ, ಮರುದಿನ ಬೆಳಿಗ್ಗೆ ಅರ್ಧ ಜನರಿಗೆ ಪ್ರಿಂಟರ್ ಇಲ್ಲ. ಪ್ರಿಂಟರ್ ಕೊಡುವ ಗ್ರೂಪ್ ಪಾಲಿಸಿ, ಅಂದರೆ ಯೂಸರ್, ಕಂಪ್ಯೂಟರ್‌ಗಳಿಗೆ ತಾನಾಗಿ ಹತ್ತುವ ಸೆಟ್ಟಿಂಗ್‌ಗಳು, ಹಳೇ ಓಯುಗೆ ಅಂಟಿಕೊಂಡಿತ್ತು!

ಹಾಗಾಗಿ ಪ್ರತಿ ಓಯುಗೂ ಎರಡೇ ಪ್ರಶ್ನೆ ಕೇಳಿ. ಇದನ್ನು ನೋಡಿಕೊಳ್ಳುವವರು ಬೇರೆಯೇ? ಇದಕ್ಕೆ ಹಾಕುವ ಗ್ರೂಪ್ ಪಾಲಿಸಿ ಬೇರೆಯೇ? ಎರಡಕ್ಕೂ ‘ಇಲ್ಲ’ ಅಂದರೆ ಆ ಓಯು ಬೇಡ. ನಮ್ಮ ಕಂಪನಿಗೆ ಊರಿಗೊಂದು ಓಯು, ಅದರೊಳಗೆ ಯೂಸರ್‌ಗಳು ಮತ್ತು ಕಂಪ್ಯೂಟರ್‌ಗಳು ಬೇರೆ ಬೇರೆ. ಸರ್ವರ್‌ಗಳಿಗೆ, ಅಡ್ಮಿನ್‌ಗಳಿಗೆ ಪ್ರತ್ಯೇಕ. ಫೋಲ್ಡರ್ ಅನುಮತಿ ಕೊಡುವುದು ಗ್ರೂಪ್‌ಗೆ, ಓಯುಗಲ್ಲ. ಇನ್ನೊಂದು ವಿಷಯ: ಡೊಮೈನ್‌ಗೆ ಸೇರಿಸಿದ ಹೊಸ ಕಂಪ್ಯೂಟರ್ ಸುಮ್ನೆ ಬಿಟ್ಟರೆ ‘ಕಂಪ್ಯೂಟರ್ಸ್’ ಅನ್ನುವ ಡಬ್ಬದಲ್ಲಿ ಬೀಳುತ್ತದೆ. ಅದು ಓಯು ಅಲ್ಲ, ಪಾಲಿಸಿ ಅಂಟಿಸಲು ಬರುವುದಿಲ್ಲ. ‘ರೆಡಿರ್‌ಸಿಎಂಪಿ’ (redircmp) ಕಮಾಂಡ್ ಕೊಟ್ಟು ಹೊಸ ಕಂಪ್ಯೂಟರ್‌ಗಳು ನಿಮ್ಮ ಓಯುಗೇ ಬೀಳುವಂತೆ ಮೊದಲೇ ದಾರಿ ತಿರುಗಿಸಿ.

ಡೈರೆಕ್ಟರಿಯನ್ನು ಇಟ್ಟುಕೊಂಡು ಲಾಗಿನ್ ನೋಡಿಕೊಳ್ಳುವ ಸರ್ವರ್, ಅಂದರೆ ಡೊಮೈನ್ ಕಂಟ್ರೋಲರ್ ಅಥವಾ ಡಿಸಿ, ಎಲ್ಲೆಲ್ಲಿ? ಬೆಂಗಳೂರಿನಲ್ಲಿ ಎರಡು, ಹುಬ್ಬಳ್ಳಿಯಲ್ಲಿ ಒಂದು. ಮಂಗಳೂರಿನ 12 ಜನರಿಗೆ ಲೈನ್ ಚೆನ್ನಾಗಿದ್ದರೆ ಏನೂ ಬೇಡ. ಒಂದೇ ಡಿಸಿ ಇಟ್ಟು ಕೂರುವುದಂತೂ ಬೇಡವೇ ಬೇಡ. ಆಮೇಲೆ ಆಕ್ಟಿವ್ ಡೈರೆಕ್ಟರಿಯಲ್ಲಿ ಊರಿಗೊಂದು ‘ಸೈಟ್’ ಮಾಡಿ (ವೆಬ್‌ಸೈಟ್ ಅಲ್ಲ, ಒಂದು ಜಾಗದ ನೆಟ್‌ವರ್ಕ್), ಅಲ್ಲಿನ ಐಪಿ ಸಬ್‌ನೆಟ್‌ಗಳನ್ನು, ಅಂದರೆ ಆ ಜಾಗದ ನೆಟ್‌ವರ್ಕ್ ವಿಳಾಸಗಳ ಗುಂಪುಗಳನ್ನು, ಬರೆದಿಡಿ. ಇದನ್ನು ಮರೆತರೆ ಹುಬ್ಬಳ್ಳಿಯ ಲ್ಯಾಪ್‌ಟಾಪ್ ಪಕ್ಕದ ರೂಮಿನ ಡಿಸಿ ಬಿಟ್ಟು ಬೆಂಗಳೂರಿನದನ್ನು ಕೇಳಲು ಹೋಗಬಹುದು. ಸೈಟ್‌ಗಳ ನಡುವೆ ಮಾಹಿತಿ ಹೋಗುವ ಡಿಫಾಲ್ಟ್ ಅಂತರ 180 ನಿಮಿಷ. ಬೆಂಗಳೂರಿನಲ್ಲಿ ಒಂಬತ್ತಕ್ಕೆ ಮಾಡಿದ ಹೊಸ ಅಕೌಂಟ್ ಹುಬ್ಬಳ್ಳಿಗೆ ಮುಟ್ಟುವುದು ಊಟದ ಹೊತ್ತಿಗೆ ಅಂತಾದರೆ ಹೇಗೆ? 15 ನಿಮಿಷಕ್ಕೆ ಇಳಿಸಿ.

ಎಲ್ಲಾ ಕಂಪ್ಯೂಟರ್‌ಗಳ ಡಿಎನ್‌ಎಸ್, ಅಂದರೆ ಹೆಸರು ಕೊಟ್ಟರೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ, ಡಿಸಿಗಳ ಕಡೆಗೇ ಇರಲಿ. ‘ಡೊಮೈನ್ ಸಿಗ್ತಿಲ್ಲ ಸಾರ್’ ಅಂತ ಫೋನ್ ಬಂದರೆ ನಾನು ಮೊದಲು ನೋಡುವುದು, ಯಾರಾದರೂ ಅಲ್ಲಿ ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಆದ 8.8.8.8 ಹಾಕಿದ್ದಾರಾ ಅಂತ. ಗಡಿಯಾರವನ್ನೂ ನೋಡಿ. ಡಿಸಿಗೂ ಕಂಪ್ಯೂಟರ್‌ಗೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಲಾಗಿನ್ ಕೈಕೊಡುತ್ತದೆ.

ಕೊನೆಗೆ ಬ್ಯಾಕಪ್. 2017ರ ಜೂನ್‌ನಲ್ಲಿ ಕಂಪ್ಯೂಟರ್‌ಗಳನ್ನು ಹಾಳುಮಾಡುವ ನಾಟ್‌ಪೆಟ್ಯಾ ಮಾಲ್‌ವೇರ್ ದಾಳಿಯಾದಾಗ ಹಡಗು ಕಂಪನಿ ಮರ್ಸ್ಕ್‌ನ ಡಿಸಿಗಳೆಲ್ಲ ಅಳಿಸಿಹೋದವು. ಉಳಿದದ್ದು ಘಾನಾದಲ್ಲಿದ್ದ ಒಂದೇ ಒಂದು. ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು, ಅದರಿಂದಲೇ ಅದು ಬಚಾವಾಯಿತು! ಡಿಸಿಗಳು ಒಂದಕ್ಕೊಂದು ನಕಲು, ಆದರೆ ನಕಲು ಬ್ಯಾಕಪ್ ಅಲ್ಲ. ಒಂದು ಪ್ರತಿ ನೆಟ್‌ವರ್ಕ್‌ನಿಂದ ಪೂರ್ತಿ ಹೊರಗಿರಲಿ. ಬ್ಯಾಕಪ್‌ನಿಂದ ಡಿಸಿಯನ್ನು ಎಬ್ಬಿಸಲು ಬೇಕಾಗುವ ರಿಸ್ಟೋರ್ ಮೋಡ್ ಪಾಸ್‌ವರ್ಡ್ ಬರೆದು, ಕವರಿನಲ್ಲಿಟ್ಟು ಬೀಗ ಹಾಕಿಡಿ. ಬ್ಯಾಕಪ್‌ಗೆ ವಯಸ್ಸೂ ಉಂಟು: ಸಾಮಾನ್ಯ ಸೆಟ್ಟಿಂಗ್‌ನಲ್ಲಿ 180 ದಿನ ದಾಟಿದ ಪ್ರತಿಯನ್ನು ಆಕ್ಟಿವ್ ಡೈರೆಕ್ಟರಿಗೆ ವಾಪಸ್ ಹಾಕುವಂತಿಲ್ಲ.