ಫೋನ್ ಲೈನ್ ಕೆಡಿಸಿದ್ದ ಹಳೇ ಅಲಾರಂ ಪ್ಯಾನೆಲ್: ನನ್ನ ಅನುಭವ

ಮನೆಯ ಫೋನ್‌ನಲ್ಲಿ ಚರಪರ ಸದ್ದು, ಇಂಟರ್ನೆಟ್ ಆಗಾಗ ಕಡಿತ. "ಗೋಡೆಯೊಳಗಿನ ಕೇಬಲ್ ಹೋಗಿದೆ, ಪೂರ್ತಿ ಹೊಸದಾಗಿ ಎಳೆಯಬೇಕು" ಎಂದವರೇ ಎಲ್ಲ. ಫೋನ್ ಲೈನ್‌ಗೆ ಜೋಡಿಸಿದ್ದ ಹಳೇ ಕಳ್ಳರ ಅಲಾರಂ ಕಡೆ ಬೆರಳು ತೋರಿಸಿದರೆ ನಕ್ಕರು. ಕೊನೆಗೆ ಗೋಡೆ ಮುಟ್ಟದೆ, ಜೆಲ್ ತುಂಬಿದ ಎರಡು ಪುಟ್ಟ ಕನೆಕ್ಟರ್‌ಗಳಲ್ಲಿ ಕೆಲಸ ಮುಗಿಯಿತು. ಕೇಬಲ್ ಬದಲಾವಣೆಗೆ ಕೇಳಿದ್ದ ಕೂಲಿಯ ಮುಂದೆ ಅವುಗಳ ಬೆಲೆ ಲೆಕ್ಕಕ್ಕೇ ಇಲ್ಲ.

ಅದಕ್ಕೂ ಮೊದಲು ದುಡ್ಡು ಸುರಿದದ್ದು ಹ್ಯಾಂಡ್‌ಸೆಟ್, ಸಾಕೆಟ್, ಡಿಎಸ್‌ಎಲ್ (ಫೋನ್ ತಂತಿಯಲ್ಲೇ ಬರುವ ಇಂಟರ್ನೆಟ್) ಫಿಲ್ಟರ್‌ಗಳ ಮೇಲೆ. ಒಂದೂ ಫಲ ಕೊಡಲಿಲ್ಲ. ಕಂಪನಿಯ ತಂತಿ ಮನೆ ಸೇರುವ ಹೊರಗಿನ ಪೆಟ್ಟಿಗೆಯವರೆಗೆ ಲೈನ್ ಚೆನ್ನಾಗಿದೆ, ಒಳಗಿನದು ನಿಮ್ಮ ಜವಾಬ್ದಾರಿ ಎಂದು ಫೋನ್ ಕಂಪನಿಯವರು ಕೈತೊಳೆದುಕೊಂಡರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಸುಳಿವು ಸಿಕ್ಕಿದ್ದು ಮೋಡೆಮ್ ಲಾಗ್‌ನಲ್ಲಿ. ಇಂಟರ್ನೆಟ್ ಕಡಿಯುತ್ತಿದ್ದುದು ದಿನಾ ರಾತ್ರಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಕೆಟ್ಟ ಕೇಬಲ್ ಗಡಿಯಾರ ನೋಡಿ ಕೆಡುವುದಿಲ್ಲ. ಆದರೆ ಬಹಳಷ್ಟು ಅಲಾರಂ ಪ್ಯಾನೆಲ್‌ಗಳು (ಅಲಾರಂನ ಮುಖ್ಯ ಡಬ್ಬಿ) 24 ಗಂಟೆಗೊಮ್ಮೆ ಅಲಾರಂ ಕಂಪನಿಯ ನಿಗಾ ಕೇಂದ್ರಕ್ಕೆ ಪರೀಕ್ಷಾ ಕರೆ ಮಾಡುತ್ತವೆ. ಚಂದಾ ಯಾವತ್ತೋ ನಿಂತಿದ್ದರೂ ಅದು ಪ್ಯಾನೆಲ್‌ಗೆ ಗೊತ್ತಿಲ್ಲ. ತನ್ನೊಳಗಿನ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಎಳೆದು ಲೈನ್ ಹಿಡಿಯುತ್ತದೆ, ಆ ಕಡೆ ಉತ್ತರ ಇಲ್ಲ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ರಿಲೇಯ ಆಚೆಗಿರುವ ಫೋನ್, ಮೋಡೆಮ್ ಎಲ್ಲವೂ ಅಷ್ಟು ಹೊತ್ತು ಸತ್ತಂತೆ. ಪ್ಯಾನೆಲ್‌ನೊಳಗಿನ 12 ವೋಲ್ಟ್ ಸೀಸದ ಬ್ಯಾಟರಿ ಮೂರರಿಂದ ಐದು ವರ್ಷಕ್ಕೆ ಸುಸ್ತಾಗುತ್ತದೆ. ಆಮೇಲೆ "ಬ್ಯಾಟರಿ ಕಡಿಮೆ" ಎಂದು ತಿಳಿಸುವ ಕರೆಗಳು ಬೇರೆ.

ಮೀಟರ್ ಇಟ್ಟು ನೋಡುವುದು ಎರಡು ಕಡೆ: ಹೊರಪೆಟ್ಟಿಗೆಯ ಟೆಸ್ಟ್ ಸಾಕೆಟ್‌ನಲ್ಲಿ, ಮತ್ತೆ ಒಳಗಿನ ಯಾವುದಾದರೂ ಒಂದು ಸಾಕೆಟ್‌ನಲ್ಲಿ. ಎಲ್ಲ ಫೋನ್‌ಗಳ ರಿಸೀವರ್ ಕೆಳಗಿಟ್ಟಿರುವಾಗ ಎರಡರಲ್ಲೂ ಸುಮಾರು 48 ವೋಲ್ಟ್ ಡಿಸಿ ಬರಬೇಕು. ಹೊರಗೆ 48, ಒಳಗೆ ಸೊನ್ನೆ ಎಂದರೆ ದಾರಿ ಎಲ್ಲೋ ತುಂಡಾಗಿದೆ: ರಿಲೇ ಸಂಪರ್ಕ ಸುಟ್ಟಿದೆ ಅಥವಾ ಜಾಕ್ ಕೆಟ್ಟಿದೆ. ಒಳಗಿನ ವೈರಿಂಗ್ ಜೋಡಿಸಿದ ಕೂಡಲೇ 48ರಿಂದ 6-10 ವೋಲ್ಟ್‌ಗೆ ಬಿದ್ದರೆ ಯಾವುದೋ ಸಾಧನ ಲೈನ್ ಹಿಡಿದು ಕೂತಿದೆ. ವೋಲ್ಟೇಜ್ ಸರಿಯಿದ್ದು ಬರೀ ಚರಪರ ಸದ್ದಾದರೆ ರಿಲೇ ಸಂಪರ್ಕದಲ್ಲಿ ಕಿಲುಬು ಎಂದೇ ಮೊದಲು ಅನುಮಾನಿಸುತ್ತೇನೆ.

ಮುಖ್ಯ ಜಾಗ ಆರ್‌ಜೆ-31ಎಕ್ಸ್ ಜಾಕ್, ಅಂದರೆ ಪ್ಯಾನೆಲನ್ನು ಫೋನ್ ಲೈನ್‌ನ ಮಧ್ಯೆ ಸೇರಿಸುವ ಸಾಕೆಟ್. ಉತ್ತರ ಅಮೆರಿಕದ ಹಳೇ ಮನೆಗಳಲ್ಲಿ ಪ್ಯಾನೆಲ್ ಹತ್ತಿರ ಎಂಟು ಪಿನ್ನಿನ ಚಿಕ್ಕ ಡಬ್ಬಿಯಾಗಿ ಸಿಗುತ್ತದೆ. ಹೊರಗಿನ ಲೈನ್ ಬರುವುದು 4, 5ಕ್ಕೆ. ಮನೆಯ ಫೋನ್‌ಗಳಿಗೆ ಹೊರಡುವುದು 1, 8ರಿಂದ. ಪ್ಯಾನೆಲ್ ಕಡೆಯ ವೈರಿನಲ್ಲಿ ಸಾಮಾನ್ಯವಾಗಿ ಕೆಂಪು-ಹಸಿರು ಬರುವ ಜೋಡಿ, ಕಂದು-ಬೂದು ಹಿಂತಿರುಗುವ ಜೋಡಿ. ಪ್ಲಗ್ ಕಿತ್ತರೆ ಜಾಕ್ ಒಳಗಿನ ಸ್ಪ್ರಿಂಗ್ ಪಟ್ಟಿಗಳು 1ನ್ನು 4ಕ್ಕೆ, 8ನ್ನು 5ಕ್ಕೆ ತಾನೇ ಸೇರಿಸಬೇಕು.

ಸೇರಿಸಬೇಕು, ಸರಿ. ವರ್ಷಗಟ್ಟಲೆ ಪ್ಲಗ್ ಸಿಕ್ಕಿಸಿಕೊಂಡೇ ಇದ್ದ ಜಾಕ್‌ನಲ್ಲಿ ಆ ಪಟ್ಟಿಗಳು ಬಗ್ಗಿ, ಕಪ್ಪಾಗಿ ಬಿದ್ದಿರುತ್ತವೆ. ಪ್ಲಗ್ ಕೀಳುತ್ತಾರೆ, ಮನೆಯ ಎಲ್ಲ ಫೋನ್ ಸಾಯುತ್ತವೆ, "ಅಲಾರಂ ಇಲ್ಲದೆ ಫೋನ್ ನಡೆಯಲ್ಲ" ಎಂದು ಹೆದರಿ ವಾಪಸ್ ಸಿಕ್ಕಿಸುತ್ತಾರೆ. ಮೇಲಿನ ನಗುವಿಗೆಲ್ಲ ಮೂಲ ಇದೇ.

ಮಾಡಬೇಕಾದದ್ದು ಸರಳ. ಹೊರಪೆಟ್ಟಿಗೆಯಲ್ಲಿ ಲೈನ್ ಬಿಡಿಸಿಕೊಳ್ಳಿ. ಕರೆ ಬಂದಾಗ 90 ವೋಲ್ಟ್ ಆಸುಪಾಸಿನ ಎಸಿ ಬರುತ್ತದೆ, ಬೆರಳಿಗೆ ಚೆನ್ನಾಗಿ ತಾಗುತ್ತದೆ. ಜಾಕ್ ಹಿಂದಿನ ನಾಲ್ಕು ತಂತಿ ಬಿಚ್ಚಿ 1ರದ್ದನ್ನು 4ರದ್ದಕ್ಕೆ, 8ರದ್ದನ್ನು 5ರದ್ದಕ್ಕೆ ಕನೆಕ್ಟರ್‌ನಲ್ಲಿಟ್ಟು ಒತ್ತಿ. ಹೊದಿಕೆ ಸುಲಿಯುವುದು ಬೇಡ. ಬಣ್ಣ ನಂಬಬೇಡಿ, ಪಿನ್ ಸಂಖ್ಯೆ ನೋಡಿ. ಕೆಲವು ಕಡೆ ಜಾಕೇ ಇರುವುದಿಲ್ಲ, ನಾಲ್ಕು ತಂತಿ ನೇರ ಪ್ಯಾನೆಲ್‌ನ ತಿರುಪುಗಳಿಗೆ ಹೋಗಿರುತ್ತವೆ. ಅಲ್ಲೂ ಅದೇ ಜೋಡಣೆ. 

ತಂತಿ ಬಿಚ್ಚುವ ಮೊದಲು ಖಾತ್ರಿ ಬೇಕಿದ್ದರೆ ಎಂಟು ಪಿನ್ನಿನ ಖಾಲಿ ಪ್ಲಗ್ ಒಂದರಲ್ಲಿ 1-4, 5-8 ಸೇರಿಸಿ ಕ್ರಿಂಪ್ ಮಾಡಿ (ಇಕ್ಕಳದಿಂದ ಒತ್ತಿ ಬಿಗಿದು) ಜಾಕ್‌ಗೆ ಹಾಕಿ. ಫೋನ್‌ಗಳಿಗೆ ಜೀವ ಬಂದರೆ ತಪ್ಪಿತಸ್ಥ ಸಿಕ್ಕ ಹಾಗೆ. ಅದನ್ನೇ ಶಾಶ್ವತವಾಗಿ ಬಿಡಬಹುದೇ ಎಂದೂ ನೋಡಿದೆ. ತೇವ ಇರುವ ನೆಲಮಾಳಿಗೆಯಲ್ಲಿ ಕೆಲವು ತಿಂಗಳಿಗೆ ಚರಪರ ಮರಳಿತು. ಒತ್ತಿದ ಜೋಡಣೆಯಲ್ಲಿ ಇದುವರೆಗೆ ಸದ್ದಿಲ್ಲ.

ಗುಂಯ್ ಎನ್ನುವ ಹಮ್ ಇದ್ದರೆ ಕಥೆ ಬೇರೆ. ಪ್ಯಾನೆಲ್‌ನೊಳಗಿನ ಸಿಡಿಲು ರಕ್ಷಣೆಯ ಬಿಡಿಭಾಗ ಸುಟ್ಟು ಲೈನ್‌ನ ಒಂದು ತಂತಿ ಅರ್ಥ್‌ಗೆ ಸೋರುತ್ತಿರಬಹುದು. ಲೈನ್ ಬಿಡಿಸಿ ಪ್ರತಿ ತಂತಿಗೂ ಅರ್ಥ್‌ಗೂ ನಡುವೆ ಓಮ್ ಅಳೆಯಿರಿ. ಮೆಗಾಓಮ್ ಬಂದರೆ ಚಿಂತೆಯಿಲ್ಲ, ಕಿಲೋಓಮ್ ಬಂದರೆ ಸೋರಿಕೆ. ಪ್ಯಾನೆಲ್ ಕಿತ್ತ ಮೇಲೂ ಅದೇ ಅಂಕಿ ನಿಂತರೆ ಮಾತ್ರ ಕೇಬಲ್ ಮೇಲೆ ಅನುಮಾನ ಪಡಿ.

ನಿಗಾ ಸೇವೆ ಇನ್ನೂ ಚಾಲ್ತಿಯಲ್ಲಿದ್ದರೆ ಇದ್ಯಾವುದನ್ನೂ ಅವರಿಗೆ ಹೇಳದೆ ಮಾಡಬೇಡಿ. ಸೈರನ್ ಸಾಕು ಎನ್ನುವವರು ಲೈನ್ ಮಾತ್ರ ಕಿತ್ತು ಪ್ಯಾನೆಲ್ ಉಳಿಸಿಕೊಳ್ಳಬಹುದು. ಆದರೆ ಪ್ಯಾನೆಲ್‌ನಲ್ಲಿ ಲೈನ್ ನಿಗಾ (ಲೈನ್ ಇದೆಯೇ ಎಂದು ನೋಡುತ್ತಿರುವುದು) ಆನ್ ಆಗಿದ್ದರೆ ಕೀಪ್ಯಾಡ್ ಬೀಪ್ ಬೀಪ್ ಎಂದು ತಲೆ ತಿನ್ನುತ್ತದೆ, ಪ್ರೋಗ್ರಾಮಿಂಗ್‌ನಲ್ಲಿ ಆಫ್ ಮಾಡಬೇಕು, ಅದಕ್ಕೆ ಇನ್‌ಸ್ಟಾಲರ್ ಕೋಡ್ (ಅಳವಡಿಸಿದವರ ಗುಪ್ತ ಸಂಖ್ಯೆ) ಬೇಕು. ಪೂರ್ತಿ ತೆಗೆಯುವುದಾದರೆ ಮೊದಲು ಡಿಸ್‌ಆರ್ಮ್ ಮಾಡಿ (ಅಲಾರಂ ಕಾವಲು ನಿಲ್ಲಿಸಿ), ಗೋಡೆಯ ಟ್ರಾನ್ಸ್‌ಫಾರ್ಮರ್ ಕೀಳಿ, ಕೂಡಲೇ ಬ್ಯಾಟರಿಯ ಒಂದು ತಂತಿ ತೆಗೆಯಿರಿ. ಮುಚ್ಚಳಕ್ಕೆ ಟ್ಯಾಂಪರ್ ಸ್ವಿಚ್ ಇದ್ದರೆ ತೆರೆದಾಗ ಸೈರನ್ ಕೂಗಬಹುದು, ಕಿವಿಗೆ ಹತ್ತಿ ಇರಲಿ.

ಲೈನ್ ಬಿಟ್ಟು ಇಂಟರ್ನೆಟ್ ಫೋನಿಗೆ ಬದಲಾದವರು ಫೋನನ್ನು ಇಂಟರ್ನೆಟ್‌ಗೆ ಸೇರಿಸುವ ಅಡಾಪ್ಟರನ್ನು ಮನೆಯ ಸಾಕೆಟ್‌ಗೆ ಚುಚ್ಚುವ ಮೊದಲು ಹೊರಪೆಟ್ಟಿಗೆಯಲ್ಲಿ ಕಂಪನಿ ಕಡೆಯ ತಂತಿ ಬೇರ್ಪಡಿಸಲೇಬೇಕು. ಸೇವೆ ನಿಂತ ಮೇಲೂ ಆ ತಂತಿಯಲ್ಲಿ 48 ವೋಲ್ಟ್ ಉಳಿದಿರುವುದುಂಟು. ಅದು ಅಡಾಪ್ಟರ್‌ಗೆ ಎದುರಿನಿಂದ ನುಗ್ಗಿದರೆ ಪೋರ್ಟ್ ಸುಡಬಹುದು.