ಮನೆಯಲ್ಲಿ ಕಟ್ಟಿದ ಕಾರಿಗೆ ಎಂಜಿನ್ನನ್ನೂ ಚಕ್ರವನ್ನೂ ನಾನು ಆರಿಸಿದ ಬಗೆ

ದಾವಣಗೆರೆಯ ಹಳೇ ಪಿ.ಬಿ. ರಸ್ತೆಗೆ ಹತ್ತಿರದ ಓಣಿಯೊಂದರಲ್ಲಿ, ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ಸಂಜೆಗಳನ್ನೂ ಭಾನುವಾರಗಳನ್ನೂ ಕೊಟ್ಟು ಮೂರು ವರ್ಷಗಳಲ್ಲಿ ನಾನು ಎರಡು ಆಸನದ ತೆರೆದ ಸ್ಪೋರ್ಟ್ಸ್ ಕಾರೊಂದನ್ನು ಕಟ್ಟಿದ್ದೇನೆ. ಅದರ ಮಾದರಿ ನನ್ನ ಕಲ್ಪನೆಯದಲ್ಲ. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಸಂಸ್ಥೆ 1957ರಲ್ಲಿ ಹೊರತಂದ 'ಸೆವೆನ್' ಎಂಬ ಕಾರಿನ ರಚನೆಯನ್ನೇ ಅನುಸರಿಸಿದೆ. 1973ರಿಂದ ಕೇಟರ್‌ಹ್ಯಾಮ್ ಸಂಸ್ಥೆ ಆ ಕಾರನ್ನು ಮುಂದುವರಿಸಿಕೊಂಡು ಬಂದಿದೆ. ಉಕ್ಕಿನ ಕೊಳವೆಗಳ ಚೌಕಟ್ಟು, ಮುಂದೆ ಉದ್ದುದ್ದಕ್ಕೆ ಕೂರುವ ಎಂಜಿನ್, ಹಿಂದಿನ ಚಕ್ರಗಳಿಗೆ ಶಕ್ತಿ, ಇಷ್ಟೇ ಅದರ ಹೂರಣ. ಒಂದು ಇಂಚಿನ ಚೌಕ ಪೈಪನ್ನು ಕತ್ತರಿಸಿ ಬೆಸೆಯಬಲ್ಲವರು ಯಾರೇ ಆದರೂ ಚೌಕಟ್ಟನ್ನು ಮಾಡಬಹುದು. ಆದ್ದರಿಂದ ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ನನ್ನನ್ನು ತಿಂಗಳುಗಟ್ಟಲೆ ಕಾಡಿದ್ದು ಎಂಜಿನ್ ಯಾವುದು, ಚಕ್ರ ಯಾವುದು ಎಂಬ ಪ್ರಶ್ನೆ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇಂತಹ ಕಾರನ್ನು ಕಟ್ಟಿದ ಮಾತ್ರಕ್ಕೆ ಸಾರ್ವಜನಿಕ ರಸ್ತೆಗೆ ಇಳಿಸಲಾಗದು. ನೋಂದಣಿಗೆ ಮಾದರಿ ವಾಹನದ ಪರೀಕ್ಷೆ ಮತ್ತು ಅನುಮೋದನೆ ಬೇಕು, ಹಳೆಯ ವಾಹನವೊಂದನ್ನು ಬದಲಾಯಿಸಿ ಅದೇ ನೋಂದಣಿಯಲ್ಲಿ ಓಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. ನನ್ನ ಕಾರು ಓಡುವುದು ಸ್ನೇಹಿತರೊಬ್ಬರ ಖಾಸಗಿ ಜಮೀನಿನ ಹಾದಿಯಲ್ಲಿ ಮಾತ್ರ. ಮುಂದೆ ಲಾರಿಯ ಮೇಲೇರಿಸಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ಯಬೇಕೆಂಬ ಆಸೆಯಿದೆ.

ಎಂಜಿನ್ನಿನ ವಿಷಯದಲ್ಲಿ ನನ್ನ ಮೊದಲ ಶರತ್ತು, ಅದು ಗೇರ್‌ಬಾಕ್ಸಿನ ಸಮೇತ ಉದ್ದುದ್ದಕ್ಕೆ ಕೂರುವಂಥದ್ದಾಗಿರಬೇಕು ಎಂಬುದು. ಇಂದು ನಮ್ಮ ಬೀದಿಗಳಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಬಹುಪಾಲು ಎಂಜಿನ್ನುಗಳು ಅಡ್ಡಲಾಗಿ ಕೂತು ಮುಂದಿನ ಚಕ್ರಗಳನ್ನೇ ತಿರುಗಿಸುತ್ತವೆ. ಅವುಗಳನ್ನು ಆಸನದ ಹಿಂದೆ ಕೂರಿಸಿ ಹಿಂದಿನ ಚಕ್ರ ತಿರುಗಿಸುವುದು ಸಾಧ್ಯವಾದರೂ ಆಗ ಅದು ಬೇರೆಯೇ ಕಾರಾಗುತ್ತದೆ. ದೊಡ್ಡ ಬೈಕಿನ ಎಂಜಿನ್ ಹಗುರವೂ ಚುರುಕೂ ಹೌದು, ಆದರೆ ರಿವರ್ಸ್ ಗೇರಿಗೆ ಬೇರೆ ಏರ್ಪಾಡು ಮಾಡಬೇಕು. ಅಂಬಾಸಡರಿನ 1.8 ಲೀಟರಿನ ಇಸುಜು ಪೆಟ್ರೋಲ್ ಎಂಜಿನ್ನನ್ನು ಒಬ್ಬರು ಕಡಿಮೆ ಬೆಲೆಗೆ ಕೊಡಲು ಬಂದಿದ್ದರು. ಬಾಳಿಕೆಯಲ್ಲಿ ಅದನ್ನು ದೂರುವಂತಿಲ್ಲ, ಆದರೆ ಎಂಜಿನ್ನಿನ ಭಾರ ಮೂತಿಯ ಕಡೆಗೆ ಬೀಳುವ ಈ ಬಗೆಯ ಕಾರಿಗೆ ಎರಕದ ಕಬ್ಬಿಣದ ಎಂಜಿನ್ ತಕ್ಕುದಲ್ಲವೆಂದು ನನಗೆ ಅನ್ನಿಸಿತು.

ಕೊನೆಗೆ ಮನಸ್ಸು ನಿಂತದ್ದು ಮಾರುತಿ ಜಿಪ್ಸಿಯ ಜಿ13ಬಿಬಿ ಎಂಜಿನ್ನಿನ ಮೇಲೆ. 1298 ಸಿ.ಸಿ., ನಾಲ್ಕು ಸಿಲಿಂಡರ್, ಹದಿನಾರು ವಾಲ್ವು, ಬ್ಲಾಕ್ ಮತ್ತು ಹೆಡ್ ಎರಡೂ ಅಲ್ಯೂಮಿನಿಯಮ್ಮಿನವು. ನಿಮಿಷಕ್ಕೆ 6000 ಸುತ್ತಿನಲ್ಲಿ 80 ಅಶ್ವಶಕ್ತಿ, 4500 ಸುತ್ತಿನಲ್ಲಿ 103 ನ್ಯೂಟನ್ ಮೀಟರ್ ತಿರುಚುಬಲ. ಸುಮಾರು ಒಂದು ಟನ್ ತೂಗುವ ಜಿಪ್ಸಿಯಲ್ಲಿ ಇದು ಸಾಧಾರಣ ಎನ್ನಿಸಬಹುದು. ಆರುನೂರು ಕಿಲೋ ಆಸುಪಾಸಿನ ಕಾರಿನಲ್ಲಿ ಅದೇ ಶಕ್ತಿಯ ಅನುಭವ ಬೇರೆಯೇ. ಇನ್ನೊಂದು ಅನುಕೂಲವನ್ನು ಜಿಪ್ಸಿಯ ಕೆಳಗೆ ಮಲಗಿ ನೋಡಿದವರು ಬಲ್ಲರು: ಇದರಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿರದೆ, ನಡುವೆ ಒಂದು ಚಿಕ್ಕ ಶಾಫ್ಟನ್ನು ಬಿಟ್ಟು ಬೇರೆಯಾಗಿ ಕೂತಿರುತ್ತದೆ. ಅದನ್ನು ಕಳಚಿ ಪಕ್ಕಕ್ಕಿಟ್ಟರೆ ಹಿಂದಿನ ಚಕ್ರಕ್ಕೆ ನೇರವಾಗಿ ಶಕ್ತಿ ಕೊಡುವ ಐದು ಗೇರಿನ ಪೆಟ್ಟಿಗೆ ಏನೂ ಕತ್ತರಿಸದೆ ಕೈಗೆ ಸಿಗುತ್ತದೆ.

ಇಲ್ಲಿಯವರೆಗಿನ ಯೋಚನೆ ಸರಿಯಾಗಿತ್ತು. ಆದರೆ ಎಂಜಿನ್ ನಿರ್ಧಾರವಾಯಿತು, ಚಕ್ರ ಆಮೇಲೆ ನೋಡಿದರಾಯಿತು ಎಂದುಕೊಂಡದ್ದು ತಪ್ಪು. ಗುಜರಿಯಲ್ಲಿ ಓಮ್ನಿ ವ್ಯಾನಿನ ಹಿಂದಿನ ಆಕ್ಸಲ್ (ಎರಡು ಚಕ್ರಗಳನ್ನು ಜೋಡಿಸಿ ತಿರುಗಿಸುವ ಅಚ್ಚು) ಅಗ್ಗವಾಗಿ ಸಿಕ್ಕಿತು, ಹಗುರವಾಗಿತ್ತು, ತಂದೆ. ಮುಂದಕ್ಕೆ ಮಾರುತಿ 800ರ ಹಬ್ಬುಗಳನ್ನು (ರಿಮ್ಮನ್ನು ಬೋಲ್ಟಿನಿಂದ ಬಿಗಿಯುವ ನಡುಭಾಗ) ಹೊಂದಿಸಿದೆ. ಎರಡರಲ್ಲೂ ನಾಲ್ಕು ಬೋಲ್ಟು, ಬೋಲ್ಟುಗಳ ಕೇಂದ್ರಗಳನ್ನು ಹಾಯುವ ವೃತ್ತದ ವ್ಯಾಸ 114.3 ಮಿ.ಮೀ., ಅಂದರೆ ನಾಲ್ಕೂ ಕಡೆ ಒಂದೇ ಬಗೆಯ ರಿಮ್ ಹಾಕಬಹುದು. ಕಾಗದದ ಮೇಲೆ ಎಲ್ಲವೂ ಚೆಂದವಾಗಿ ಕೂತಿತ್ತು.

ಆಕ್ಸಲ್ಲಿನ ಅನುಪಾತವನ್ನು, ಅಂದರೆ ಎರಡೂ ಚಕ್ರ ಒಟ್ಟಿಗೆ ಒಂದು ಸುತ್ತು ಬರಲು ಪಿನಿಯನ್ (ಆಕ್ಸಲ್ಲಿಗೆ ಶಕ್ತಿ ತರುವ ಚಿಕ್ಕ ಹಲ್ಲುಚಕ್ರ) ಎಷ್ಟು ಸುತ್ತು ಬರಬೇಕೆಂಬುದನ್ನು, ಎಣಿಸಿದ ದಿನ ಆ ಚೆಂದ ಮುಗಿಯಿತು. ಎಣಿಸುವ ಕ್ರಮ ಸುಲಭ: ಒಂದು ಬದಿಯ ಚಕ್ರ ಅಲುಗದಂತೆ ಕಟ್ಟಿ, ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಅಷ್ಟರಲ್ಲಿ ಪಿನಿಯನ್ ಎಷ್ಟು ಸುತ್ತು ಬಂತೆಂದು ಸುಣ್ಣದ ಗುರುತಿಟ್ಟು ನೋಡಬೇಕು. ಐದು ಸುತ್ತು ಕಳೆದು ಇನ್ನೂ ಸ್ವಲ್ಪ ಬಂತು. 796 ಸಿ.ಸಿ.ಯ ಚಿಕ್ಕ ಎಂಜಿನ್ ತುಂಬಿದ ವ್ಯಾನನ್ನು ಎಳೆಯಬೇಕಾದರೆ ಅಷ್ಟು ಅನುಪಾತ ಬೇಕೇ ಬೇಕು. ನನ್ನ ಕಾರಿನಲ್ಲಾದರೋ ಗಂಟೆಗೆ 100 ಕಿ.ಮೀ. ವೇಗಕ್ಕೆ ಐದನೇ ಗೇರಿನಲ್ಲೂ ಎಂಜಿನ್ 3700 ಸುತ್ತಿನ ಮೇಲೆ ಕಿರುಚುತ್ತಿರಬೇಕಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಓಮ್ನಿಯ ಎಂಜಿನ್ನಿನ ತಿರುಚುಬಲ 60 ನ್ಯೂಟನ್ ಮೀಟರಿನ ಆಸುಪಾಸಿನದು. ಅದಕ್ಕೆಂದೇ ಮಾಡಿದ ಕ್ರೌನ್ (ಪಿನಿಯನ್ ತಿರುಗಿಸುವ ದೊಡ್ಡ ಹಲ್ಲುಚಕ್ರ), ಪಿನಿಯನ್ ಮತ್ತು ಆಕ್ಸಲ್ ಶಾಫ್ಟುಗಳಿಗೆ ಅದರ ಒಂದೂಮುಕ್ಕಾಲು ಪಟ್ಟು ಬಲ ಕೊಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಆ ಆಕ್ಸಲ್ಲನ್ನು ತಂದ ಬೆಲೆಗೇ ಮಾರಿದೆ.

ಆಮೇಲೆ ಲೆಕ್ಕವನ್ನು ತಿರುಗಿಸಿ ಹಾಕಿದೆ. ನೆಲವನ್ನು ಮುಟ್ಟುವುದು ಟಯರ್. ಅದರ ಸುತ್ತಳತೆಯಿಂದ ಹೊರಟು ಆಕ್ಸಲ್ಲಿನ ಅನುಪಾತಕ್ಕೆ, ಅಲ್ಲಿಂದ ಗೇರಿಗೆ, ಕೊನೆಗೆ ಎಂಜಿನ್ನಿನ ಸುತ್ತಿಗೆ ಹೋಗಬೇಕು. ಜಿಪ್ಸಿಯ ಸ್ವಂತ ಹಿಂದಿನ ಆಕ್ಸಲ್ಲಿನಲ್ಲಿ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 11, ಅನುಪಾತ 3.909. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸು ಹೈ ಗೇರಿನಲ್ಲೂ ಸುಮಾರು 1.4 ಪಟ್ಟು ಕಡಿತ ಕೊಡುವುದರಿಂದ ಒಟ್ಟು ಅನುಪಾತ ಐದೂವರೆಯ ಹತ್ತಿರ ಹೋಗುತ್ತದೆ, 205/70 ಆರ್15 ಅಳತೆಯ (ಅಗಲ 205 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 70, ರಿಮ್ಮು 15 ಇಂಚು) ಎತ್ತರದ ಟಯರನ್ನು ಅದು ತಿರುಗಿಸಬೇಕು. ಟ್ರಾನ್ಸ್‌ಫರ್ ಕೇಸನ್ನು ತೆಗೆದರೆ ಗೇರಿಂಗ್ ಉದ್ದವಾಗುತ್ತದೆ, ಅಂದರೆ ಎಂಜಿನ್ನಿನ ಒಂದು ಸುತ್ತಿಗೆ ಕಾರು ಹೆಚ್ಚು ದೂರ ಹೋಗುತ್ತದೆ, ಟಯರನ್ನು ಗಿಡ್ಡವಾಗಿಸಿದರೆ ಅದರಲ್ಲಿ ಒಂದಷ್ಟು ಮರಳಿ ಬರುತ್ತದೆ, ಕಾರಿನ ತೂಕ ಕಡಿಮೆಯಾದದ್ದು ಉಳಿದದ್ದನ್ನು ತುಂಬಿಕೊಡುತ್ತದೆ. 195/50 ಆರ್15 ಟಯರಿನ ವ್ಯಾಸ 576 ಮಿ.ಮೀ. ಅದನ್ನು ರಿಮ್ಮಿಗೆ ಹಾಕಿಸಿ, ಮೇಲೆ ಭಾರ ಹೇರಿ, ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದ ಗೆರೆಯಿಂದ ಗೆರೆಗೆ ಉರುಳಿಸಿದಾಗ ಒಂದು ಸುತ್ತಿಗೆ 1.76 ಮೀಟರ್ ಬಂತು. ಪುಸ್ತಕದ ಲೆಕ್ಕಕ್ಕಿಂತ ಐದು ಸೆಂ.ಮೀ. ಕಡಿಮೆ, ಏಕೆಂದರೆ ಭಾರ ಬಿದ್ದ ಟಯರ್ ತಳದಲ್ಲಿ ಚಪ್ಪಟೆಯಾಗುತ್ತದೆ. ಆ ಅಳತೆಯಲ್ಲಿ ನಾಲ್ಕನೇ ಗೇರು, ಅಂದರೆ ಎಂಜಿನ್ನಿನ ಸುತ್ತನ್ನು ಹಾಗೆಯೇ ದಾಟಿಸುವ ನೇರ ಗೇರು, ಎಂಜಿನ್ನಿನ ಪ್ರತಿ ಸಾವಿರ ಸುತ್ತಿಗೆ ಗಂಟೆಗೆ 27 ಕಿ.ಮೀ. ಕೊಡುತ್ತದೆ. ನನಗೆ ಬೇಕಾಗಿದ್ದುದು ಇದೇ.

ಆದರೆ ಜಿಪ್ಸಿಯ ಆಕ್ಸಲ್ ಎಂದರೆ ಐದು ಬೋಲ್ಟು, 139.7 ಮಿ.ಮೀ. ವೃತ್ತ. ಐದು ಬೋಲ್ಟಿನ ವೃತ್ತವನ್ನು ನೇರವಾಗಿ ಅಳೆಯಲಾಗುವುದಿಲ್ಲ, ಏಕೆಂದರೆ ಯಾವ ಬೋಲ್ಟಿನ ಎದುರಿಗೂ ಇನ್ನೊಂದು ಬೋಲ್ಟು ಇರುವುದಿಲ್ಲ. ಪಕ್ಕಪಕ್ಕದ ಎರಡು ಬೋಲ್ಟುಗಳ ನಡುವಿನ ದೂರವನ್ನು ಕೇಂದ್ರದಿಂದ ಕೇಂದ್ರಕ್ಕೆ ಅಳೆದು 1.701ರಿಂದ ಗುಣಿಸಬೇಕು, ಇಲ್ಲಿ ಆ ದೂರ 82 ಮಿ.ಮೀ. ಮುಂದಿನ ಹಬ್ಬಿನಲ್ಲಿ ನಾಲ್ಕು, ಹಿಂದೆ ಐದು ಎಂದಾದರೆ ಎರಡು ಬಗೆಯ ರಿಮ್, ಎರಡು ಬಗೆಯ ಸ್ಟೆಪ್ನಿ ಬೇಕು. ಹಿಂದಿನ ಫ್ಲಾಂಜಿನಲ್ಲಿ (ರಿಮ್ಮು ಕೂರುವ ಉಕ್ಕಿನ ಬಿಲ್ಲೆ) ಹೊಸದಾಗಿ ನಾಲ್ಕು ತೂತು ಕೊರೆಸೋಣವೆಂದು ನಮ್ಮ ಊರಿನ ಹಿರಿಯ ಟರ್ನರ್ ಒಬ್ಬರ ಬಳಿಗೆ ಹೋದೆ. ಅವರ ತಂದೆ ಹತ್ತಿ ಗಿರಣಿಯ ವರ್ಕ್‌ಶಾಪಿನಲ್ಲಿ ದುಡಿದವರು. ಮಗನಿಗೂ ಆ ಕೈ ಬಂದಿದೆ. ಅವರು ಫ್ಲಾಂಜಿನ ಮೇಲೆ ನೀಲಿ ಹಚ್ಚಿ, ಕಂಪಾಸಿನಿಂದ ಎರಡೂ ವೃತ್ತ ಎಳೆದು ತೋರಿಸಿದರು. ಎಷ್ಟು ತಿರುಗಿಸಿ ಗುರುತು ಹಾಕಿದರೂ ಯಾವುದಾದರೊಂದು ಹಳೆಯ ತೂತಿಗೂ ಹೊಸ ತೂತಿಗೂ ನಡುವೆ ನಾಲ್ಕು ಮಿ.ಮೀ.ಗಿಂತ ಹೆಚ್ಚು ಲೋಹ ಉಳಿಯುತ್ತಿರಲಿಲ್ಲ. "ತೂತು ಹೊಡ್ಕೊಡಾಕೆ ನಂಗೇನೂ ತೊಂದ್ರೆ ಇಲ್ಲ ತಮ್ಮಾ, ಆದ್ರೆ ಇದರ ಮ್ಯಾಲೆ ನೀನು ಕುಂತು ಹೋಗೋದು ಬ್ಯಾಡ" ಎಂದರು. ಆ ಮಾತಿಗೆ ನಾನು ಇಂದಿಗೂ ಕೃತಜ್ಞ.

ದಾರಿ ತೋರಿದ್ದು ಜಿಪ್ಸಿಯೇ. ಅದರ ಮುಂದಿನ ಆಕ್ಸಲ್ಲಿನಲ್ಲಿ ಹಬ್ಬನ್ನು ಹೊರುವ ಸ್ಪಿಂಡಲ್ ಬೇರೆ ತುಂಡಾಗಿದ್ದು, ಬೋಲ್ಟುಗಳಿಂದ ಕೂತಿರುತ್ತದೆ. ಆ ಸ್ಪಿಂಡಲ್, ಹಬ್ಬು, ಡಿಸ್ಕ್ ಬ್ರೇಕು ಇವಿಷ್ಟನ್ನೂ ಹಾಗೆಯೇ ಉಳಿಸಿಕೊಂಡು, ಡಬಲ್ ವಿಶ್‌ಬೋನಿಗೆ (ಚಕ್ರವನ್ನು ಮೇಲೆ ಕೆಳಗೆ ಹಿಡಿಯುವ ಎರಡು ತೋಳುಗಳು) ಹೊಂದುವಂತೆ ದಪ್ಪ ಉಕ್ಕಿನ ಹಲಗೆಯಿಂದ ಹೊಸ ಅಪ್‌ರೈಟ್ (ಆ ತೋಳುಗಳ ತುದಿಯಲ್ಲಿ ನಿಲ್ಲುವ ಕಂಬ) ಮಾಡಿಸಿ ಅದಕ್ಕೆ ಸ್ಪಿಂಡಲನ್ನು ಬಿಗಿದೆ. ಈಗ ಮುಂದೆಯೂ ಐದು, ಹಿಂದೆಯೂ ಐದು. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಹಬ್ಬು, ಬ್ರೇಕು, ರಿಮ್ಮು ಎಲ್ಲವೂ ಒಂದೇ ಗಾಡಿಯ ಸಂತಾನ. ಬಿಡಿಭಾಗ ಬೇಕಾದಾಗ ಒಂದೇ ಹೆಸರನ್ನು ಹೇಳಿ ತರಬಹುದಾದ ನೆಮ್ಮದಿಯ ಬೆಲೆ, ಹತ್ತು ಕಡೆಯ ಭಾಗಗಳನ್ನು ಕೂಡಿಸಲು ಹೋಗಿ ಸೋತವರಿಗೆ ಮಾತ್ರ ಗೊತ್ತು.

ಜಿಪ್ಸಿಯ ಉಕ್ಕಿನ ರಿಮ್ಮನ್ನೇ ಇಟ್ಟುಕೊಂಡದ್ದನ್ನು ಕಂಡು ಹಲವರು ಹದಿನೇಳು ಇಂಚಿನ ಅಲಾಯ್ ಹಾಕು ಎಂದರು. ನಾನು ಒಪ್ಪಲಿಲ್ಲ. ಐದೂವರೆ ಇಂಚು ಅಗಲದ ಆ ರಿಮ್ಮಿಗೆ 195/50 ಟಯರ್ ನಿಯಮದ ಮಿತಿಯೊಳಗೇ ಕೂರುತ್ತದೆ. ದೊಡ್ಡ ಚಕ್ರದಿಂದ ನೋಟ ಹೆಚ್ಚುತ್ತದೆ, ಜೊತೆಗೆ ಸ್ಪ್ರಿಂಗಿನ ಕೆಳಗಿನ, ಅಂದರೆ ಚಕ್ರ ಮತ್ತು ಆಕ್ಸಲ್ಲಿನ, ತೂಕವೂ ಹೆಚ್ಚುತ್ತದೆ. ಹಗುರ ಕಾರಿನಲ್ಲಿ ಜಿಪ್ಸಿಯ ಆಕ್ಸಲ್ಲೇ ಅಗತ್ಯಕ್ಕಿಂತ ಭಾರವಿದೆ, ಹಳ್ಳ ಸಿಕ್ಕಾಗ ಹಿಂಭಾಗ ಕುಣಿಯುತ್ತದೆ. ಇದು ನನ್ನ ಆಯ್ಕೆಯ ನಿಜವಾದ ಕೊರತೆ. ಅದರ ಮೇಲೆ ಇನ್ನಷ್ಟು ಭಾರ ಹೇರಲು ಕಾರಣವಿಲ್ಲ. ಹಬ್ಬಿಗೂ ರಿಮ್ಮಿಗೂ ನಡುವೆ ಸ್ಪೇಸರ್ ಬಿಲ್ಲೆ ಹಾಕಿ ಚಕ್ರವನ್ನು ಹೊರಕ್ಕೆ ತಳ್ಳುವ ಸಲಹೆಯೂ ಬಂತು. ಚಕ್ರ ಹೊರಕ್ಕೆ ಹೋದಷ್ಟೂ ಸ್ಟಿಯರಿಂಗಿನ ತಿರುಗುವ ಅಕ್ಷಕ್ಕೂ ಟಯರಿನ ನಡುಗೆರೆಗೂ ಅಂತರ ಬೆಳೆದು, ಒಂದು ಚಕ್ರ ಮಾತ್ರ ಕಲ್ಲಿಗೆ ತಗುಲಿದರೂ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. ಅಪ್‌ರೈಟನ್ನು ಹೊಸದಾಗಿ ಮಾಡುವಾಗಲೇ ಆ ಅಂತರವನ್ನು ಆದಷ್ಟು ಕುಗ್ಗಿಸಬಹುದು. ನಾನು ರಿಮ್ಮನ್ನು ಎದುರಿಗಿಟ್ಟುಕೊಂಡೇ ಅದರ ನಕ್ಷೆ ಬರೆದೆ.

ಟಯರ್ ಕೊಳ್ಳುವಾಗ ಪಕ್ಕದ ಗೋಡೆಯಲ್ಲಿರುವ ನಾಲ್ಕು ಅಂಕಿಗಳನ್ನು ನೋಡಲೇಬೇಕು: ಮೊದಲೆರಡು ತಯಾರಾದ ವಾರ, ನಂತರದ ಎರಡು ವರ್ಷ. ಕಡಿಮೆ ಬೆಲೆಗೆ ಸಿಗುವ ಹೊಸದರಂತಹ ಟಯರ್ ಗೋದಾಮಿನಲ್ಲೇ ಗಡುಸಾಗಿರಬಹುದು. ನನ್ನ ಟಯರಿನ ಭಾರ ಸೂಚ್ಯಂಕ 82, ಅಂದರೆ ಒಂದೊಂದೂ 475 ಕಿಲೋ ಹೊರಬಲ್ಲದು. ನನ್ನ ಕಾರಿನಲ್ಲಿ ಒಂದು ಚಕ್ರದ ಪಾಲಿಗೆ ಚಾಲಕನೂ ಸೇರಿ ಇನ್ನೂರು ಕಿಲೋ ಸಹ ಬರುವುದಿಲ್ಲವಾದ್ದರಿಂದ ಗಾಳಿಯನ್ನು ಇಪ್ಪತ್ತು ಪೌಂಡಿಗೆ ಇಳಿಸಿದೆ. ಸಾಮಾನ್ಯ ಕಾರಿನಂತೆ ಮೂವತ್ತಕ್ಕೆ ತುಂಬಿದಾಗ ಟಯರಿನ ನಡುಭಾಗ ಮಾತ್ರ ನೆಲ ಹಿಡಿಯುತ್ತಿದ್ದುದು ಸೀಮೆಸುಣ್ಣ ಬಳಿದು ಉರುಳಿಸಿದಾಗ ಸ್ಪಷ್ಟವಾಗಿ ಕಂಡಿತು.

ಎಂಜಿನ್ ಕೊಂಡ ಬಗೆಯನ್ನೂ ಹೇಳಬೇಕು, ಏಕೆಂದರೆ ಮೊದಲ ಸಲ ನಾನು ನಷ್ಟಪಟ್ಟೆ. ಬೇರೆ ಊರಿನ ವ್ಯಾಪಾರಿಯೊಬ್ಬರು ಒಳ್ಳೆಯ ಸ್ಥಿತಿಯದೆಂದು ಕೊಟ್ಟ ಎಂಜಿನ್ನನ್ನು ಮಾತಿನ ಮೇಲೆ ನಂಬಿ ತಂದೆ. ಶೆಡ್ಡಿನಲ್ಲಿ ಕಂಪ್ರೆಷನ್ ಗೇಜ್ ಹಚ್ಚಿದಾಗ ಒಂದು, ಎರಡು ಮತ್ತು ನಾಲ್ಕನೆಯ ಸಿಲಿಂಡರುಗಳು ಸರಿಸಮವಾಗಿದ್ದು ಮೂರನೆಯದು ಬಹಳ ಕೆಳಗಿತ್ತು. ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆ, ಒತ್ತಡ ಏರಿತು. ಆಯಿಲ್ ಬಿಟ್ಟಾಗ ಏರಿದರೆ ದೋಷ ಪಿಸ್ಟನ್ ರಿಂಗಿನದು ಅಥವಾ ಬೋರಿನದು (ಸಿಲಿಂಡರಿನ ಒಳಗೋಡೆ), ಏರದಿದ್ದರೆ ವಾಲ್ವಿನದು ಅಥವಾ ಹೆಡ್ ಗ್ಯಾಸ್ಕೆಟ್ಟಿನದು. ಹಣ ಮರಳಲಿಲ್ಲ. ಎರಡನೆಯ ಸಲ ಆರ್.ಸಿ. ರದ್ದಾದ ಇಡೀ ಜಿಪ್ಸಿಯನ್ನೇ, ಎಂಜಿನ್ ಓಡುತ್ತಿರುವಾಗ ನೋಡಿ, ಗೇಜನ್ನು ಜೊತೆಗೇ ಒಯ್ದು ಪರೀಕ್ಷಿಸಿ ಕೊಂಡೆ. ಇಡೀ ಗಾಡಿ ಕೊಂಡದ್ದರಿಂದ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್), ಸೆನ್ಸರುಗಳು, ಪೆಟ್ರೋಲ್ ಪಂಪು ಮತ್ತು ವೈರಿಂಗ್ ಕಿಟ್ ಒಂದು ತಂತಿಯೂ ಕತ್ತರಿಸದೆ ಬಂದವು. ಕಿಟ್ಟನ್ನು ಬಿಚ್ಚುವ ಮೊದಲು ಪ್ರತಿ ಕನೆಕ್ಟರಿಗೂ ಬಟ್ಟೆಯ ಪಟ್ಟಿ ಕಟ್ಟಿ ಹೆಸರು ಬರೆದಿಟ್ಟೆ. ಆ ಎರಡು ದಿನದ ಕೆಲಸ ಮುಂದೆ ಎರಡು ತಿಂಗಳನ್ನು ಉಳಿಸಿತು.

ಕೂರಿಸುವಾಗ ಎದುರಾದ ಮುಖ್ಯ ತೊಡಕು, ಜಿಪ್ಸಿಯ ಹಿಂದಿನ ಡಿಫರೆನ್ಷಿಯಲ್ (ಕ್ರೌನ್, ಪಿನಿಯನ್ ಇರುವ ಭಾಗ) ಆಕ್ಸಲ್ಲಿನ ನಟ್ಟನಡುವಿನಲ್ಲಿಲ್ಲದೆ ಒಂದು ಬದಿಗೆ ಸರಿದಿರುವುದು. ಎಂಜಿನ್ನನ್ನೂ ಅದೇ ಬದಿಗೆ ಸ್ವಲ್ಪ ಸರಿಸಿ, ಉಳಿದ ಓರೆಯನ್ನು ಗೇರ್‌ಬಾಕ್ಸಿನಿಂದ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡೂ ಕ್ರಾಸುಗಳಿಗೆ (ಓರೆಯಲ್ಲೂ ತಿರುಗುವ ಕೀಲುಗಳು) ಸಮನಾಗಿ ಹಂಚಿದೆ. ಗೇರ್‌ಬಾಕ್ಸಿನ ಶಾಫ್ಟೂ ಪಿನಿಯನ್ನೂ ಒಂದಕ್ಕೊಂದು ಸಮಾಂತರವಾಗಿದ್ದರೆ ಒಂದು ಕ್ರಾಸು ಹುಟ್ಟಿಸುವ ವೇಗದ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಇಲ್ಲದಿದ್ದರೆ ಗಾಡಿ ನಡುಗುತ್ತದೆ. ಮೊದಲ ಓಟದಲ್ಲಿ ನನ್ನ ಕಾರು ಅರವತ್ತರ ಹತ್ತಿರ ನಡುಗಿತು. ಪಿನಿಯನ್ನಿನ ಮೂತಿ ಎರಡು ಡಿಗ್ರಿ ಎತ್ತಿಕೊಂಡಿತ್ತು. ಆಕ್ಸಲ್ಲನ್ನು ಹಿಡಿದಿರುವ ಹಿಂದಿನ ಲಿಂಕುಗಳ ಉದ್ದವನ್ನು ತಿದ್ದಿದ ಮೇಲೆ ನಡುಕ ನಿಂತಿತು.

ಈಗ ಬೇಸಿಗೆಯ ಬಿಸಿಲಿನಲ್ಲಿ ಎಂಜಿನ್ ಕಾಯದಂತೆ ರೇಡಿಯೇಟರಿನ ಎದುರಿನ ಗಾಳಿದಾರಿಯನ್ನು ಅಗಲಿಸುತ್ತಿದ್ದೇನೆ, ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿ) ಕೆಳಗೆ ಕಲ್ಲು ತಾಗದಂತೆ ಒಂದು ತಗಡನ್ನು ಕೂರಿಸಬೇಕಾಗಿದೆ. ರಿಮ್ಮಿನ ನಟ್ಟುಗಳನ್ನು ಪ್ರತಿ ಓಟದ ನಂತರ ಟಾರ್ಕ್ ಸ್ಪ್ಯಾನರಿನಿಂದ ಪರೀಕ್ಷಿಸುತ್ತೇನೆ. ಹೊಸದಾಗಿ ಬಣ್ಣ ಬಳಿದ ರಿಮ್ಮಿನಲ್ಲಿ ಬಣ್ಣ ಅಮುಕಿಕೊಂಡು ಮೊದಲ ಎರಡು ಸಲ ನಟ್ಟು ಕಾಲು ಸುತ್ತು ಸಡಿಲವಾಗಿದ್ದವು, ಕೂರುವ ಜಾಗದ ಬಣ್ಣವನ್ನು ಕೆರೆದು ತೆಗೆದ ಮೇಲೆ ಹಾಗಾಗಿಲ್ಲ.